ನಡುಮನೆಗೆ ಯಾವ ಹೊತ್ತಿನ ಬೆಳಕು

ಭಾನುವಾರ, ಕಾರ್ತೀಕದ ಕೊನೆಯ ವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಗಂಜಾಮಿನ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಈ ಅಧ್ಯಾಯ ಶುರುಮಾಡುತ್ತಿದ್ದೇನೆ. ಹೊಳೆಯ ಕಡೆಯಿಂದ ಚಳಿಗಾಳಿ ಬರುತ್ತಿದೆ. ಆದರೂ ಕಿಟಕಿ ಮುಚ್ಚುವಂತಿಲ್ಲ. ಮುಚ್ಚಿದರೆ ಅಗಸೆ ಎಣ್ಣೆ, ಟರ್ಪೆಂಟೈನಿನ ವಾಸನೆಗೆ ತಲೆ ಹಿಡಿದುಕೊಳ್ಳುತ್ತದೆ. ಏನು ಬರೆಯಲು ಕೂತರೂ ಮೊದಲು ವಾರ, ಹೊತ್ತು ಹಾಕುವುದು ನನ್ನ ಪದ್ಧತಿ. ಯಾವ ಬಣ್ಣದ ಟ್ಯೂಬು ಯಾವತ್ತು ತೆರೆದೆ, ಯಾವತ್ತು ಖಾಲಿಯಾಯಿತು, ವಾರದಲ್ಲಿ ಎಷ್ಟು ದಿನ ಚಿತ್ರದ ಮುಂದೆ ಕೂತೆ, ಎಷ್ಟು ದಿನ ಸುಸ್ತಾಗಿ ಮಲಗಿದೆ ಎಂದು ದಿನಚರಿಯ ಕೊನೆಯ ಹಾಳೆಗಳಲ್ಲಿ ಗೀಟು ಹಾಕಿಡುತ್ತೇನೆ. ಈ ವರ್ಷ ಮಲಗಿದ ಗೀಟುಗಳೇ ಹೆಚ್ಚು. ಶಾಲೆಯಲ್ಲಿ ದಿನವಿಡೀ ಮಕ್ಕಳ ಕೈಲಿ ಬಾಳೆಹಣ್ಣು, ಹೂಜಿ, ರಾಷ್ಟ್ರಧ್ವಜ ಬರೆಸಿ ಬಂದ ಮೇಲೆ ಕುಂಚ ಹಿಡಿಯಲು ನನ್ನ ಕೈ ಒಪ್ಪುವುದಿಲ್ಲ.

ಎದುರಿಗೆ ಗೋಡೆಗೊರಗಿ ನಿಂತಿರುವ ಕ್ಯಾನ್ವಾಸಿನಲ್ಲಿ ನಮ್ಮ ಹಳೆಯ ಮನೆಯ ನಡುಮನೆ ಇದೆ. ನನ್ನ ತಾತ ತೀರಿಕೊಂಡ ಬೆಳಗಿನ ನಡುಮನೆ. ಶ್ರಾವಣದಲ್ಲಿ ಶುರುಮಾಡಿದ್ದು. ಮಂಚ, ಕಂಬ, ದೀಪದ ಗೂಡು, ರಾಗಿ ತುಂಬಿಡುವ ವಾಡೆ, ಮಂಚದ ಪಕ್ಕ ಕೂತ ಅಮ್ಮ, ಎಲ್ಲ ತಕ್ಕಮಟ್ಟಿಗೆ ಬಂದಿತ್ತು. ಬೆಳಕು ಮಾತ್ರ ಬಂದಿರಲಿಲ್ಲ. ಆ ಬೆಳಗಿನಲ್ಲಿ ತಾತನ ಹತ್ತಿರ ಇದ್ದವಳು ಅಮ್ಮ ಒಬ್ಬಳೇ. ಆ ಕೋಣೆಯಲ್ಲಿ ಆಗ ಇದ್ದದ್ದು ದೀಪದ ಬೆಳಕೋ ಹಗಲಿನ ಬೆಳಕೋ ಎಂಬುದನ್ನು ಅವಳೇ ಹೇಳಬೇಕು. ಅದನ್ನು ಕೇಳುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಆ ಹೊತ್ತಿನ ಮಾತು ಎತ್ತಿದರೆ ಅಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ ನಾಲೆಯ ಬದಿಗಿದೆ. ಮನೆ ನಾಡಹೆಂಚಿನದು. ಮುಂದೆ ಜಗಲಿ, ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಬಲಕ್ಕೆ ಎರಡು ಮೆಟ್ಟಿಲು ಹತ್ತಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಸೂರಿನಲ್ಲಿ ಒಂದು ಹೆಂಚಿನ ಜಾಗಕ್ಕೆ ಗಾಜು ಕೂರಿಸಿದ್ದರು, ಅದೇ ಬೆಳಕಿಂಡಿ. ಇಡೀ ಕೋಣೆಗೆ ಹಗಲು ಬರುತ್ತಿದ್ದುದು ಅದರಿಂದಲೇ. ಗೋಡೆಯ ಕೆಳಗಿನ ಭಾಗಕ್ಕೆ ಕೆಮ್ಮಣ್ಣು, ಮೇಲಕ್ಕೆ ಸುಣ್ಣ. ಆದರೆ ಸೌದೆ ಹೊಗೆ ಕುಡಿದು ಕುಡಿದು ಸುಣ್ಣ ರಾಗಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಕಂಬಗಳು ಎಣ್ಣೆ ತಲೆಗಳು ಒರಗಿ ಒರಗಿ ಕಪ್ಪಗೆ ಮಿರುಗುತ್ತಿದ್ದವು. ನನ್ನ ಡಬ್ಬಿಯಲ್ಲಿರುವ ಕೆಂಪು, ಹಸಿರು, ಹಳದಿ ಯಾವುದೂ ಆ ಕೋಣೆಯೊಳಗೆ ಇರಲಿಲ್ಲ. ಹಸಿರಿಗೆ ಚೂರು ಕೆಂಪು ಬೆರೆಸಿ ಅದರ ಸೊಕ್ಕು ಇಳಿಸಬೇಕು, ನೀಲಿಗೆ ಕಂದು ಬೆರೆಸಿ ಮಸಿಯ ಹತ್ತಿರ ತರಬೇಕು. ಟ್ಯೂಬಿನ ಕಪ್ಪನ್ನು ನಾನು ಮುಟ್ಟುವುದಿಲ್ಲ; ಅದನ್ನು ಹಾಕಿದ ಕಡೆ ಕತ್ತಲಾಗುವುದಿಲ್ಲ, ತೂತು ಬಿದ್ದ ಹಾಗೆ ಕಾಣುತ್ತದೆ.

ಆಗ ನನಗೆ ಎಂಟು ವರ್ಷವಿರಬಹುದು. ಮನೆಯಲ್ಲಿ ತಾತ, ಅಜ್ಜಿ ಕೆಂಪಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅವರ ಮಕ್ಕಳು, ಅಪ್ಪ, ಅಮ್ಮ ಜಯಮ್ಮ, ನಾನು, ಎಲ್ಲರಿಗೂ ಒಂದೇ ಒಲೆ. ಅಮ್ಮ ನಾಗಮಂಗಲದ ಕಡೆಯ ಒಣಸೀಮೆಯಿಂದ ಬಂದ ಕಿರಿಸೊಸೆ. ತಾತನಿಗೆ ಲಕ್ವ ಹೊಡೆದು ಮಂಚ ಹಿಡಿದದ್ದು ಯುಗಾದಿ ಕಳೆದ ಮೇಲೆ. ದೊಡ್ಡಮ್ಮ ಆಗ ಬಾಣಂತಿ. ಹಾಗಾಗಿ ತಾತನನ್ನು ಮಗ್ಗುಲಾಗಿಸುವುದು, ಒರೆಸುವುದು, ಗಂಜಿ ಕುಡಿಸುವುದು, ರಾತ್ರಿ ಪಕ್ಕದಲ್ಲಿರುವುದು ಎಲ್ಲ ಅಮ್ಮನ ಪಾಲಿಗೆ ಬಂತು. ಅದರ ಜೊತೆಗೆ ಬೆಳಗಿನ ಜಾವದ ಹಾಲು ಕರೆಯುವುದು, ಡೇರಿಗೆ ಹಾಕಿ ಬರುವುದು, ಇಷ್ಟೂ ಜನಕ್ಕೆ ಎರಡು ಹೊತ್ತು ಮುದ್ದೆ ತೊಳಸುವುದು. ಅವಳು ಉಂಡದ್ದು ನನಗೆ ನೆನಪಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಣ್ಣಗಾದ ಮುದ್ದೆಯನ್ನು ಉಪ್ಸಾರಿನ ಖಾರಕ್ಕೆ ಒತ್ತಿ ನುಂಗುತ್ತಿದ್ದಳಂತೆ. ನಡುನಡುವೆ ತಾತ ಗೊರ್ ಎಂದರೆ ಕೈ ತೊಳೆಯದೆ ಓಡುತ್ತಿದ್ದಳು.

ತಾತ ಹೋದದ್ದು ಗೌರಿ ಹಬ್ಬ ಕಳೆದ ಮೇಲೆ. ನಾನು ಎದ್ದದ್ದು ಅಮ್ಮನ ಕೂಗಿಗೆ. ಅಳುವಿನ ಹಾಗಿರಲಿಲ್ಲ ಅದು, ಬೆಚ್ಚಿಬಿದ್ದವರ ಕೂಗಿನ ಹಾಗಿತ್ತು. ನಾನು ನಡುಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಪಕ್ಕದ ಮನೆಗಳ ಒಂದಿಬ್ಬರು ಹೆಂಗಸರು ಜಗಲಿ ಹತ್ತಿದ್ದರು. ಅಜ್ಜಿ ದನದ ಕಡೆಯಿಂದ ಬಂದಳು. ಅವಳು ಎದೆ ಬಡಿದುಕೊಳ್ಳಲಿಲ್ಲ. ಮಂಚದ ಕಾಲಿನ ಕಡೆ ನಿಂತು, ಕಂಬಳಿ ಸರಿಸಿ, ಎರಡೂ ಕೈಯಿಂದ ತಾತನ ಪಾದ ಹಿಡಿದುಕೊಂಡಳು. ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ತಲೆ ಎತ್ತದೆ ಕೇಳಿದಳು.

“ಎಷ್ಟೊತ್ಗೆ ಓಯ್ತೇ ಜಯಾ ಜೀವ?”

“ಈಗ್ಲೇ ಅತ್ತೆ. ಈಗ. ನೀರ್ ಬುಟ್ಟೆ, ಎಲ್ಡ್ ಗುಟ್ಕು ಕುಡುದ್ರು. ಅಂಗೇ ಓಗ್ಬುಟ್ರು.”

“ನೀರ್ ಬುಟ್ಟಾ?”

“ಬುಟ್ಟೆ ಅತ್ತೆ.”

ಅಜ್ಜಿ ಪಾದದ ಮೇಲೆ ಕಂಬಳಿ ಎಳೆದಳು. ಅಳಲು ಶುರುಮಾಡಿದ್ದು ಆಮೇಲೆ. ಹೋಗುವ ಜೀವದ ಬಾಯಿಗೆ ನೀರು ಬಿಡಬೇಕು ಎಂಬುದು ನಮ್ಮ ಕಡೆ ದೊಡ್ಡ ಮಾತು. ನೀರಿಲ್ಲದೆ ಹೋದವರು ಬಾಯಾರಿ ಮನೆಯ ಸುತ್ತಲೇ ಅಲೆಯುತ್ತಾರೆ ಎನ್ನುತ್ತಾರೆ. ಹತ್ತಿರ ಕೂತಿದ್ದೂ ನೀರು ಬಿಡದ ಸೊಸೆಯನ್ನು ಊರು ಮರೆಯುವುದಿಲ್ಲ. ಅಷ್ಟೇ ದೊಡ್ಡ ಇನ್ನೊಂದು ಮಾತು ನಕ್ಷತ್ರದ್ದು. ಕೆಲವು ನಕ್ಷತ್ರಗಳಲ್ಲಿ ಜೀವ ಹೋದರೆ ಮನೆಯವರು ಆ ಮನೆ ಬಿಟ್ಟು ಕೆಲವು ತಿಂಗಳು ಹೊರಗಿರಬೇಕು. ಹೆಣ ಎತ್ತುವ ಮೊದಲೇ ದೊಡ್ಡಪ್ಪ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರ್ ಕಿತ್ತುಕೊಂಡು ಜಗಲಿಗೆ ಬಂದ. ಬೆಳಗಿನ ಜಾವದವರೆಗೆ ಶ್ರವಣ ನಕ್ಷತ್ರ, ಆಮೇಲೆ ಧನಿಷ್ಠೆ ಎಂದಿತ್ತು ಅದರಲ್ಲಿ. ಶ್ರವಣವಾದರೆ ತೊಂದರೆ ಇಲ್ಲ. ಅವನು ಜೋಯಿಸರ ಮನೆಗೆ ಹೋಗಿ ಬಂದ.

“ಹೊತ್ತು ಮೂಡೋ ಟೇಮಲ್ಲಿ ಅಂದ್ಮೇಲೆ ಧನಿಷ್ಠೆನೇ ಅಂತೆ. ಆರ್ ತಿಂಗ್ಳು ಮನೆ ಬುಡ್ಬೇಕು.”

“ಸರ್ಯಾಗ್ ಕೇಳುದ್ಯಾ?” ಅಂದ ಅಪ್ಪ.

“ಸರ್ಯಾಗ್ ಕೇಳ್ದೆ ಇನ್ನೇನ್ಲಾ, ಜೋಯಿಸ್ರೇನು ಎಮ್ಮೆ ಯಾಪಾರ ಮಾಡ್ತಾರಾ? ಒಂದ್ ಗಳ್ಗೆ ಮುಂಚೆ ಓಗಿದ್ರೆ ಇದ್ಯಾವ್ದೂ ಇರ್ತಿರ್ಲಿಲ್ಲ.”

ಶ್ರೀರಂಗಪಟ್ಟಣಕ್ಕೆ ಹೋಗಿ ಬೂದಿ ಬಿಟ್ಟು, ತಿಥಿ ಮುಗಿಸಿ, ಮಾರನೆಯ ದಿನ ಮನೆ ಖಾಲಿ ಮಾಡಿದೆವು. ಹಾಸಿಗೆ, ಪಾತ್ರೆ, ದನ ಎಲ್ಲ ಹೊರಗೆ ಬಂದ ಮೇಲೆ ಒಲೆಗೆ ನೀರು ಚಿಮುಕಿಸಿದರು. ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಜಾಲಿ ಮುಳ್ಳಿನ ಕೊಂಬೆ ಇಟ್ಟರು. ದೊಡ್ಡಪ್ಪನಿಗೆ ಕೆ.ಆರ್. ಪೇಟೆಯ ಕಡೆ ಕಬ್ಬು ತೂಕದ ಕೆಲಸವಿತ್ತು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದ. ನಾವು ಮೂವರು ಮತ್ತು ಅಜ್ಜಿ ಗದ್ದೆಯ ಮೇಲಿದ್ದ ಆಲೆಮನೆಗೆ ಹೋದೆವು. ಗಾಣದ ಮೋಟರು ಸುಟ್ಟು ಆ ವರ್ಷ ಬೆಲ್ಲ ತೆಗೆಯುವುದು ನಿಂತಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬರಿ ತಡಿಕೆ. ಕೊಪ್ಪರಿಗೆಯನ್ನು ಬೋರಲು ಹಾಕಿ ಅದರ ಮೇಲೆ ಬಟ್ಟೆ ಗಂಟು ಇಟ್ಟೆವು. ಗೋಡೆಗಳಿಗೆ ಎಷ್ಟೋ ವರ್ಷದ ಮಸಿ. ನೆಲದಲ್ಲಿ ಹಳೆಯ ಪಾಕ ಹೀರಿಕೊಂಡು ಎಲ್ಲಿ ಕೂತರೂ ಇರುವೆ. ಮೊದಲ ವಾರ ಅಜ್ಜಿ ಉಣ್ಣುವುದಿಲ್ಲವೆಂದು ಹಟ ಮಾಡಿದಳು. ಬೆಲ್ಲ ಕಾಯಿಸುವ ಗುಂಡಿಯ ಒಲೆಯಲ್ಲಿ ಸಾರು ಕಾಯಿಸಬಾರದು ಎಂದು ಅವಳು, ಮಳೆಗೆ ಬೇರೆ ಒಲೆ ಎಲ್ಲಿ ಹೂಡಲಿ ಎಂದು ಅಪ್ಪ.

“ಬೆಂಕಿಗೆ ಜಾತಿ ಅದಾ ಅವ್ವ? ಸುಮ್ನೆ ಉಣ್ಣು.”

“ನಿಂಗೆ ಬೆಂಕಿ ಗೊತ್ತಾ ಒಲೆ ಗೊತ್ತಾ? ಎಂಡ್ರು ಬೇಯ್ಸಿಕ್ಕುದ್ನ ತಿನ್ನೋದ್ ಗೊತ್ತು.”

ಕೊನೆಗೆ ಅಮ್ಮನೇ ಮೂಲೆಯಲ್ಲಿ ಮೂರು ಕಲ್ಲಿಟ್ಟು, ಕಬ್ಬಿನ ಸಿಪ್ಪೆ ಉರಿಸಿ, ಅವರೆಕಾಳಿನ ಸಾರು ಮಾಡಿ ಅಜ್ಜಿಯ ಮುಂದಿಟ್ಟಳು. ಅಜ್ಜಿ ಬೈಯುತ್ತಲೇ ಉಂಡಳು. ಆ ಆಲೆಮನೆಯಲ್ಲಿ ನಾನು ಮೊದಲ ಸಲ ಕಂಡ ಒಂದು ಸಂಗತಿ ಎಂದರೆ ಅಮ್ಮನ ನಿದ್ದೆ. ನಾಲ್ಕೇ ಜನದ ಅಡುಗೆ, ನೋಡಿಕೊಳ್ಳಲು ಕಾಯಿಲೆಯವರಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದಳೆಂದರೆ ಅವಳು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಗೋಡೆಗೆ ಒರಗಿ, ಬಾಯಿ ತುಸು ತೆರೆದು, ಕೈಯಲ್ಲಿ ಮೊರ ಹಿಡಿದಂತೆಯೇ. ಮಡಿಲಿನ ಕಾಳು ನೆಲಕ್ಕೆ ಉರುಳುತ್ತಿತ್ತು. ಅವಳನ್ನು ಎಬ್ಬಿಸಲು ಹೋದರೆ ಅಜ್ಜಿ ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು.

“ಎಬ್ಬುಸ್ಬ್ಯಾಡ ಕೂಸೆ. ಮಲೀಕಳ್ಲಿ. ಬಾ, ನಾವ್ ಮನೆ ತಕ್ಕೆ ಓಗ್ಬುಟ್ ಬರಮಾ.”

ಹಾಗೆ ಶುರುವಾಯಿತು ನಮ್ಮಿಬ್ಬರ ಹೋಗಿಬರುವಿಕೆ. ಅಮ್ಮ ಮಲಗಿದಳೆಂದರೆ ಅಜ್ಜಿ ಗದ್ದೆಯ ಬದುವಿನಲ್ಲಿ ನನ್ನ ಕೈ ಹಿಡಿದು ಊರೊಳಗೆ ಬರುತ್ತಿದ್ದಳು. ಮನೆಯೊಳಗೆ ಹೋಗುವಂತಿಲ್ಲ. ಜಗಲಿಯ ಮೇಲೆ, ಮುಳ್ಳಿನ ಕೊಂಬೆಯ ಪಕ್ಕ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬಾಗಿಲಿನ ಹಲಗೆಗಳ ನಡುವೆ ಒಂದು ಸಂದು ಇತ್ತು. ನಾನು ಅದಕ್ಕೆ ಕಣ್ಣಿಟ್ಟರೆ ಬೆಳಕಿಂಡಿಯ ಬೆಳಕು ಬಿದ್ದ ನಡುಮನೆ ಕಾಣುತ್ತಿತ್ತು. ಮಂಚವಿಲ್ಲ, ಜನವಿಲ್ಲ, ಹೊಗೆಯಿಲ್ಲ. ನೆಲದ ಮೇಲೆ ಕೈಯಗಲದ ಒಂದು ಬೆಳಕು ಮಾತ್ರ. ಅದರ ಸುತ್ತ ಕೆಮ್ಮಣ್ಣಿನ ಗೋಡೆ ಒಂದು ಮೂಲೆಯಲ್ಲಿ ಕಂದಾಗಿ, ಇನ್ನೊಂದು ಮೂಲೆಯಲ್ಲಿ ಹೆಚ್ಚುಕಡಿಮೆ ನೀಲಿಯಾಗಿ ಕಾಣುತ್ತಿತ್ತು. ಒಂದೇ ಗೋಡೆ ಎರಡು ಬಣ್ಣವಾಗುವುದು ಹೇಗೆ ಎಂದು ನಾನು ಕಣ್ಣು ನೋಯುವವರೆಗೆ ನೋಡುತ್ತಿದ್ದೆ. ಮುಂದೆ ಮೈಸೂರಿನಲ್ಲಿ ಚಿತ್ರಕಲೆ ಓದುವಾಗ ಮೇಷ್ಟರು ಅದನ್ನೇ ಅರ್ಧ ದಿನ ವಿವರಿಸಿದರು. ನಾನು ತಲೆಯಾಡಿಸಿದೆ, ಅಷ್ಟೆ. ನನಗದು ಸಂದಿನಲ್ಲೇ ಸಿಕ್ಕಿತ್ತು.

“ಏನ್ ಕಾಣ್ತದೆ ಕೂಸೆ?”

“ಬೆಳಕು ಅಜ್ಜಿ.”

“ಎಲ್ಲದೆ?”

“ಕಂಬದ್ ಬುಡದ ತಾವ.”

“ಅಂಗಾರೆ ದನ ನೀರ್ಗೆ ಬುಡೋ ಹೊತ್ತು. ಏಳು, ನಿಮ್ಮವ್ವ ಎದ್ದಿರ್ತಾಳೆ.”

ಅಜ್ಜಿಯ ಗಡಿಯಾರ ಆ ಬೆಳಕೇ. ವಾಡೆಯ ಮೇಲಿದ್ದರೆ ಒಂದು ಕೆಲಸ, ಕಂಬದ ಹತ್ತಿರವಿದ್ದರೆ ಇನ್ನೊಂದು. ಬೆಳಕು ಎಲ್ಲಿತ್ತು ಎಂದು ಮರೆಯಬಾರದೆಂದು ನಾನು ಜಗಲಿಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕತೊಡಗಿದೆ. ಇವತ್ತು ಇಲ್ಲಿ, ನಿನ್ನೆ ಅಲ್ಲಿ. ಚಳಿಗಾಲ ಬಂದಂತೆ ಗೀಟುಗಳು ಸರಿದವು. ಅದೇ ನನ್ನ ಮೊದಲ ದಿನಚರಿ. ಕಾಗದಕ್ಕೆ ಬಂದದ್ದು ಆಮೇಲೆ.

ಶಿವರಾತ್ರಿ ಕಳೆದ ಮೇಲೆ ಶಾಂತಿ ಮಾಡಿಸಿ, ಮುಳ್ಳು ತೆಗೆದು, ಮನೆ ಸೇರಿದೆವು. ದೊಡ್ಡಪ್ಪ ಬರಲಿಲ್ಲ. ಮಕ್ಕಳು ಪೇಟೆಯ ಶಾಲೆಗೆ ಹೊಂದಿಕೊಂಡರು, ದೊಡ್ಡಮ್ಮನಿಗೆ ನಲ್ಲಿ ನೀರು ಅಭ್ಯಾಸವಾಯಿತು, ಹೀಗೆ ಒಂದೊಂದು ಕಾರಣ. ಜಗಳವೇನೂ ಆಗಲಿಲ್ಲ. ಆರು ತಿಂಗಳು ಬೇರೆ ಉರಿದ ಒಲೆಗಳು ಮತ್ತೆ ಒಂದಾಗಲಿಲ್ಲ, ಅಷ್ಟೇ. ಆದರೆ ಹಬ್ಬಕ್ಕೆ ಬಂದು ಬಾಳೆ ಎಲೆಯ ಮುಂದೆ ಕೂತಾಗಲೆಲ್ಲ ದೊಡ್ಡಪ್ಪ ಒಂದು ಸಲ ಸೂರು ನೋಡಿ ಅದೇ ಮಾತು ಹೇಳುತ್ತಿದ್ದ.

“ಅಪ್ಪ ಒಂದ್ ಗಳ್ಗೆ ಮುಂಚೆ ಓಗಿದ್ರೆ ನಾವೆಲ್ಲಾ ಇವತ್ತು ಒಂದೇ ತಾವ ಇರ್ತಿದ್ದೋ.”

ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದಳು. ಪಲ್ಯ ತರಲು ಹೋದಳೆಂದು ನಾವು ತಿಳಿದುಕೊಳ್ಳುತ್ತಿದ್ದೆವು. ಉತ್ತರ ಕೊಡುತ್ತಿದ್ದವಳು ಅಜ್ಜಿ.

“ಓಗೋರು ನಿನ್ ಕೇಳ್ಕಂಡ್ ಓಯ್ತಾರಾ? ಉಣ್ಲಾ ಮುಚ್ಕಂಡು. ಪಾಯ್ಸ ಆರ್ತದೆ.”

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಒಳ್ಳೆಯ ನಕ್ಷತ್ರದಲ್ಲೇ, ನಡು ಹಗಲಿನಲ್ಲಿ, ಎಲ್ಲರ ಮುಂದೆ ಹೋದಳು. ಆಮೇಲೆ ಹಳೆಯ ಮನೆ ಕೆಡವಿ ಅಪ್ಪ ತಾರಸಿ ಮನೆ ಕಟ್ಟಿಸಿದ. ಅದರ ನಡುಮನೆಗೆ ದೊಡ್ಡ ಕಿಟಕಿಗಳಿವೆ, ಗೋಡೆಗೆ ತಿಳಿ ಗುಲಾಬಿ. ಅಮ್ಮನಿಗೆ ಇಷ್ಟ.

ಚಿತ್ರಕ್ಕೆ ಮರಳುತ್ತೇನೆ. ನಾನು ಮೊದಲು ಇಡೀ ಕ್ಯಾನ್ವಾಸಿಗೆ ತೆಳು ಕಂದು ಬಳಿದು, ಬೆಳಕು ಇರಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ. ಅಂದರೆ ಬೆಳಕನ್ನು ಹಚ್ಚುವುದಲ್ಲ, ಕತ್ತಲನ್ನು ಒರೆಸುವುದು. ಒರೆಸುವ ಮೊದಲು ಎಲ್ಲಿಂದ ಬೆಳಕು ಎಂಬುದು ಗೊತ್ತಿರಬೇಕು. ಗೂಡಿನ ದೀಪವಾದರೆ ಅದು ಬಲದಿಂದ, ತಗ್ಗಿನಿಂದ, ಬೆಚ್ಚಗೆ ಬರುತ್ತದೆ; ಅಮ್ಮನ ಕೆನ್ನೆ, ತಾತನ ಮೂಗು ಹೊಳೆದು ಉಳಿದದ್ದು ಮುಳುಗುತ್ತದೆ. ಬೆಳಕಿಂಡಿಯ ನಸುಕಾದರೆ ಮೇಲಿನಿಂದ, ತಣ್ಣಗೆ, ಬೂದಿಯಂತೆ ಇಳಿಯುತ್ತದೆ. ಯಾರ ಮುಖವೂ ಹೊಳೆಯುವುದಿಲ್ಲ. ನಾನು ಎರಡನ್ನೂ ಹಾಕಿ ನೋಡಿದೆ. ಚಿತ್ರಕ್ಕೆ ಎರಡು ಹೊತ್ತು ಬಂದು ಒಂದೂ ನಿಲ್ಲಲಿಲ್ಲ. ಎಣ್ಣೆ ಬಣ್ಣ ಬೇಗ ಒಣಗುವುದಿಲ್ಲ, ತಪ್ಪಿದ್ದನ್ನು ಕೆರೆಯಲು ಅವಕಾಶ ಕೊಡುತ್ತದೆ. ಆ ಸೌಕರ್ಯದಿಂದಲೇ ನಾನು ಶ್ರಾವಣದಿಂದ ಕಾರ್ತೀಕದವರೆಗೆ ಹಾಕಿದ್ದನ್ನು ಕೆರೆಯುತ್ತ, ಕೆರೆದದ್ದನ್ನು ಹಾಕುತ್ತ ಬಂದೆ.

ಕಳೆದ ಶುಕ್ರವಾರ ಅಮ್ಮ ನಿಮಿಷಾಂಬೆಗೆ ಬಂದವಳು ಪೂಜೆ ಮುಗಿಸಿ ನನ್ನ ಕೋಣೆಗೆ ಬಂದಳು. ಮಧ್ಯಾಹ್ನ ಮೂರು ಗಂಟೆ, ನಾನು ಶಾಲೆಗೆ ರಜೆ ಹಾಕಿದ್ದೆ. ಕಾಫಿ ಕೊಟ್ಟೆ. ಅವಳು ಲೋಟ ಹಿಡಿದು ಚಿತ್ರದ ಎದುರಿನ ಸ್ಟೂಲಿನ ಮೇಲೆ ಕೂತಳು.

“ಇದ್ಯಾಕಿಂಗೆ ಕೊಳೆ ಬಣ್ಣ ಬಳ್ದಿದ್ದೀಯಾ? ಮನೇನ ಅಷ್ಟ್ ಕೊಳ್ಕಾಗ್ ಮಡ್ಗಿದ್ನಾ ನಾನು?”

“ಕೊಳಕಲ್ಲ ಕಣಮ್ಮ. ಬೆಳಕು ಮಂದ ಇತ್ತಲ್ಲ.”

“ಮಂದ್ವಂತೆ. ವರ್ಸ ವರ್ಸ ಸುಣ್ಣ ಬಳ್ದೋಳು ನಾನು. ಒಸಿ ಬಿಳೀದ್ ಹಾಕು. ನೋಡ್ದೋರು ಏನಂತಾರೆ.”

ನಾನು ನಕ್ಕೆ. ನಗುತ್ತಲೇ ಕೇಳಿಬಿಟ್ಟೆ.

“ಅಮ್ಮ, ಅವತ್ತು ಗೂಡಲ್ಲಿ ದೀಪ ಉರೀತಿತ್ತಾ, ಆರಿಸಿದ್ದಾ?”

“ಯಾವತ್ತು?”

“ತಾತ ಹೋದ ದಿನ. ನೀನು ನೀರ್ ಬಿಟ್ಟಾಗ.”

ಎದ್ದು ಒಳಗೆ ಹೋಗಲು ನನ್ನ ಕೋಣೆಗೆ ಒಳಗು ಎಂಬುದಿಲ್ಲ. ಅವಳು ಲೋಟವನ್ನು ನೆಲಕ್ಕಿಟ್ಟಳು. ಚಿತ್ರದಲ್ಲಿ ಮಂಚದ ಪಕ್ಕ ಕೂತವಳನ್ನೇ ನೋಡಿದಳು. ಬೆನ್ನು ನೆಟ್ಟಗಿಟ್ಟು, ತಂಬಿಗೆ ಹಿಡಿದು, ತಾತನ ಕಡೆ ಬಾಗಿದ ಹೆಂಗಸು.

“ನೀನ್ ಬರ್ದಿರೋಳು ನಾನಲ್ಲ ಕಣ್ ಮಗ.”

“ಮುಖ ಇನ್ನೂ ಆಗಿಲ್ಲ, ಅದಕ್ಕೆ.”

“ಮಖ ಅಲ್ಲ. ಇಂಗ್ ನೆಟ್ಗೆ ಕೂತಿರ್ನಿಲ್ಲ ನಾನು. ನಿದ್ದೆ ಓಗ್ಬುಟ್ಟಿದ್ದೆ.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಊರಿನ ಯಾರದೋ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

“ಕೋಳಿ ಕೂಗೋಕ್ ಮುಂಚೆ ಒಂದ್ಸಲ ನೀರ್ ಬುಟ್ಟೆ, ಕುಡುದ್ರು. ಅದು ನಿಜ. ಆಮೇಲೆ ಒಂದ್ ಗಳ್ಗೆ ಅಂತ ಕಂಬಕ್ಕೆ ಒರಿಕಂಡೆ. ಎಷ್ಟ್ ದಿನದ್ ನಿದ್ದೆನೋ ಏನೋ ಮಗ. ಕಣ್ ಬುಟ್ಟಾಗ ದೀಪ ಎಣ್ಣೆ ತೀರಿ ಆರೋಗಿತ್ತು, ಬೆಳ್ಕಿಂಡಿ ಬೆಳ್ಳಗಾಗಿತ್ತು. ಮಾವನ್ ಕೈ ಮುಟ್ಟುದ್ರೆ ಮರ ಮುಟ್ದಂಗಾಯ್ತು. ಆಗ್ಲೇ ಕೂಗ್ಕಂಡಿದ್ದು ನಾನು.”

“ಹಂಗಾದ್ರೆ ತಾತ ಹೋಗಿದ್ದು ಯಾವಾಗ?”

“ನಂಗೇನ್ ಗೊತ್ತು? ದೀಪ ಇದ್ದಾಗ್ಲೋ ಆರುದ್ಮೇಲೋ. ಶ್ರವಣನೋ ಧನಿಷ್ಠೆನೋ. ನಿದ್ದೆ ಓಗಿದ್ದೆ ಅಂತ ಯೋಳೋಕಾಯ್ತದಾ ಅಷ್ಟ್ ಜನದ್ ಮುಂದೆ? ನೀರಿಲ್ದೆ ಸಾಯ್ಸುದ್ಲು ಅಂತಿದ್ರು. ನಾನ್ ಎದ್ದಿದ್ ಹೊತ್ನೇ ಅವ್ರ್ ಓದ ಹೊತ್ತು ಅಂದ್ಬುಟ್ಟೆ. ನಕ್ಷತ್ರದ್ ಇಚಾರ ತಲೆಗೇ ಬರ್ನಿಲ್ಲ. ನಿಮ್ ದೊಡ್ಡ್ಯಪ್ಪ ಕ್ಯಾಲೆಂಡ್ರು ತಗುದ್ಮೇಲೆ ಬಾಯ್ ಬುಡೋದೆಂಗೆ?”

ಒಂದು ಇಡೀ ಸಂಸಾರ ಮನೆಗೆ ಮುಳ್ಳು ಹಾಕಿ ಹೊರಟದ್ದು ನನ್ನ ತಾಯಿ ಕಣ್ಣು ತೆರೆದ ಗಳಿಗೆಯನ್ನು ಲೆಕ್ಕಕ್ಕೆ ಹಿಡಿದು. ಏನು ಬರೆದರೂ ಹೊತ್ತು ಹಾಕುವ ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಅವಳು ನನ್ನ ಕೈಗೆ ಅಂಟಿದ್ದ ಕಂದು ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು. ನನ್ನ ತಲೆಯಲ್ಲಿ ಬಂದದ್ದು ಅಜ್ಜಿ ತಾತನ ಪಾದ ಹಿಡಿದು ನಿಂತ ರೀತಿ.

“ಅಮ್ಮ, ಅಜ್ಜಿ ಕಾಲು ಮುಟ್ಟಿದ್ಲಲ್ಲ. ಅವಳಿಗೆ ಗೊತ್ತಾಗ್ಲಿಲ್ವಾ?”

“ಅದೇ ಕಣ್ ಮಗ ನನ್ನ ಇಷ್ಟ್ ವರ್ಸ ಕೊರ್ದಿರೋದು. ಮರ ಆಗಿದ್ ಕಾಲು. ಎಷ್ಟ್ ದನ ಕರ, ಎಷ್ಟ್ ಜನದ್ ಸಾವು ಕಂಡ್ ಕೈ ಅದು, ಗೊತ್ತಾಗ್ದೆ ಇರ್ತದಾ? ಆದ್ರೆ ಒಂದಿನಾನೂ ಒಂದ್ ಮಾತ್ ಅನ್ನಿಲ್ಲ. ಆಲೆಮನೇಲಿ ಒಟ್ಟಿಗೆ ಇದ್ದೋ, ಒಂದೇ ತಟ್ಟೇಲ್ ಅವ್ರೆ ಬಿಡ್ಸುದ್ದೋ. ಕೇಳ್ತಾರೆ, ಇವತ್ ಕೇಳ್ತಾರೆ ಅಂತ ಕಾದೆ. ಕೇಳ್ನಿಲ್ಲ. ಸಾಯೋವಾಗ್ಲೂ ನಾನೇ ನೀರ್ ಬುಟ್ಟೆ. ಕಣ್ ಬುಟ್ಕಂಡ್ ನನ್ನೇ ನೋಡ್ತಿದ್ರು. ಆಗ್ಲೂ ಇಲ್ಲ.”

“ನೀನೇ ಕೇಳ್ಬಹುದಿತ್ತು.”

“ಏನಂತ ಕೇಳ್ಲಿ? ಗೊತ್ತಿದ್ದೂ ನನ್ ಮಾನ ಉಳ್ಸಿದ್ರೆ ಅವ್ರ್ ಕಾಲ್ ಹಿಡೀಬೇಕಿತ್ತು. ಗೊತ್ತಿಲ್ದೆ ಇದ್ರೆ ನಾನಾಗೇ ಯೋಳ್ಬೇಕಿತ್ತು. ಎಲ್ಡೂ ಮಾಡ್ನಿಲ್ಲ.”

ಅವಳು ಹೊರಡುವ ಮೊದಲು, ಇದನ್ನು ಬರೆಯಲೇ ಎಂದು ಕೇಳಿದೆ. ಬೇಡ ಎನ್ನುತ್ತಾಳೆಂದುಕೊಂಡಿದ್ದೆ.

“ಬರ್ಕೊ. ನಿಮ್ ದೊಡ್ಡ್ಯಪ್ಪ ಓದ್ರೂ ಓದ್ಲಿ, ಬೈದ್ರೂ ಬೈಲಿ. ಒತ್ಕಂಡ್ ಒತ್ಕಂಡ್ ಸಾಕಾಗದೆ ನಂಗೆ.”

ಬಸ್ ನಿಲ್ದಾಣದಲ್ಲಿ ಪಾಂಡವಪುರದ ಬಸ್ಸು ಹತ್ತಿಸಿ ಬಂದೆ. ಬಸ್ಸು ಹೊರಡುವ ಮುಂಚೆಯೇ ಅವಳು ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು.

ಶನಿವಾರವೂ ರಜೆ ಹಾಕಿ ಇಡೀ ದಿನ ಕೆಲಸ ಮಾಡಿದೆ. ತಂಬಿಗೆ ಹಿಡಿದ ಕೈ, ನೆಟ್ಟಗಿನ ಬೆನ್ನು, ಅರ್ಧ ಆಗಿದ್ದ ಮುಖ ಎಲ್ಲವನ್ನೂ ಚಾಕುವಿನಿಂದ ಕೆರೆದೆ. ಬಣ್ಣ ಹಸಿಯಾಗಿದ್ದರಿಂದ ಸಲೀಸಾಗಿ ಬಂತು. ಗೂಡಿನ ದೀಪದ ಕುಡಿಯನ್ನು ಒರೆಸಿ ಬರಿ ಹಣತೆ ಉಳಿಸಿದೆ. ಮೇಲಿನಿಂದ ಬೂದು ಬೆಳಕು ಇಳಿಸಿದೆ, ಬಿಳಿಗೆ ಮಣ್ಣಿನ ಬಣ್ಣ, ಒಂದು ಕುಂಚದ ತುದಿಯಷ್ಟು ನೀಲಿ. ಅಮ್ಮನನ್ನು ಕಂಬಕ್ಕೆ ಒರಗಿಸಿದೆ. ತಲೆ ಒಂದು ಕಡೆ ವಾಲಿದೆ, ಬಾಯಿ ತುಸು ತೆರೆದಿದೆ, ತಂಬಿಗೆ ಮಡಿಲಿನಲ್ಲಿದೆ. ಆ ನಿದ್ದೆಗೆ ನಾನು ಯಾರನ್ನೂ ಕೇಳಬೇಕಿರಲಿಲ್ಲ, ಆಲೆಮನೆಯಲ್ಲಿ ದಿನವೂ ನೋಡಿದ್ದೆ. ತಾತನ ಮೇಲೂ ಅದೇ ಬೆಳಕು ಬಿದ್ದಿದೆ. ಆ ಹೊತ್ತಿಗೆ ಅವನು ಇದ್ದನೋ ಹೋಗಿದ್ದನೋ, ನಾನು ಹಾಗೇ ಬಿಟ್ಟಿದ್ದೇನೆ. ಚಿತ್ರ ಈಗ ಒಂದು ಹೊತ್ತಿನಲ್ಲಿ ನಿಂತಿದೆ. ಒಣಗಲು ವಾರಗಳು ಬೇಕು.

ಅಜ್ಜಿಯ ವಿಷಯ ಮಾತ್ರ ಬಣ್ಣದಿಂದ ಬಗೆಹರಿಯುವುದಿಲ್ಲ. ಅವತ್ತು ಅಮ್ಮನ ಕೂಗಿಗೆ ಮೊದಲು ಜಗಲಿ ಹತ್ತಿ ಬಂದ ಹೆಂಗಸರನ್ನು ನಾನು ಬೆನ್ನಿನಿಂದ ಮಾತ್ರ ನೋಡಿದ್ದೆ. ಅವರಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ ತಿಳಿಯದು. ಒಬ್ಬರು ಮಗನ ಜೊತೆ ಬೆಳ್ಳೂರಿನ ಕಡೆ ಹೋದರೆಂದು ಅಪ್ಪ ಹೇಳುತ್ತಾನೆ, ಖಾತ್ರಿಯಿಲ್ಲ. ಆ ಹೆಂಗಸರಲ್ಲಿ ಒಬ್ಬರಾದ ನೀವು ಇದನ್ನು ಓದುತ್ತಿದ್ದರೆ, ಅಥವಾ ನಿಮಗೆ ಯಾರಾದರೂ ಓದಿ ಹೇಳುತ್ತಿದ್ದರೆ, ನಮ್ಮ ಅಜ್ಜಿ ಕೆಂಪಮ್ಮ ಆ ಬೆಳಿಗ್ಗೆಯೋ, ಆಮೇಲೆ ಯಾವತ್ತಾದರೂ ಹೊಲದಲ್ಲೋ, ಡೇರಿಯ ಸಾಲಿನಲ್ಲೋ, ತನ್ನ ಗಂಡನ ಪಾದ ಹೇಗಿತ್ತು ಎಂಬ ಮಾತು ಆಡಿದ್ದು ನೆನಪಿದ್ದರೆ, ಪುಸ್ತಕದ ಪ್ರಕಾಶಕರ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬೆಚ್ಚಗಿತ್ತು ಅಂದಿದ್ದಳು ಎಂದಾದರೂ ಸರಿ, ತಣ್ಣಗಿತ್ತು ಅಂದಿದ್ದಳು ಎಂದಾದರೂ ಸರಿ. ಸಮಾಧಾನಕ್ಕೆಂದು ಏನೂ ಸೇರಿಸಬೇಡಿ. ಅಮ್ಮನಿಗೆ ನಾನೇ ಓದಿ ಹೇಳುತ್ತೇನೆ, ಅವಳು ಎಚ್ಚರವಾಗಿದ್ದಾಗ.